ಕೆಂಪಿಗೆ ಒಂದು ಮನೆ ಬೇಕು (ಬಳ್ಳಾರಿ, ಹೆಣ್ಣು ನಾಯಿ, ಸುಮಾರು 4 ವರ್ಷ)

ಭಾನುವಾರದವಳು, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಊರ ಹೊರಗಿನ ಒಂದು ಸಣ್ಣ ನಾಯಿ ಶೆಲ್ಟರ್‌ಗೆ ಎರಡು ವರ್ಷದಿಂದ ಪ್ರತಿ ಭಾನುವಾರ ಹೋಗುತ್ತೇನೆ. ಗೂಡು ತೊಳೆಯುವುದು, ಅನ್ನ ಬೇಯಿಸುವುದು, ಉಣ್ಣಿ ಕೀಳುವುದು, ಹೀಗೆ ಕೈಲಾದದ್ದು ಮಾಡುತ್ತೇನೆ. ಅಲ್ಲಿ ಕೆಂಪಿ ಅಂತ ಒಬ್ಬಳು ಇದ್ದಾಳೆ. ಅವಳು ಬಂದು 11 ತಿಂಗಳಾಯಿತು. ಯಾರೋ ಬಾಡಿಗೆ ಮನೆ ಖಾಲಿ ಮಾಡುವಾಗ ಗೇಟಿಗೆ ಕಟ್ಟಿ ಹೋಗಿದ್ದರು. ಎರಡು ದಿನ ಆದಮೇಲೆ ಪಕ್ಕದ ಮನೆಯವರು ಹಗ್ಗ ಬಿಚ್ಚಿ ಶೆಲ್ಟರ್‌ಗೆ ತಂದು ಬಿಟ್ಟರು. ಕುತ್ತಿಗೆ ಸುತ್ತ ಕೂದಲು ಉದುರಿದ ಗೆರೆ ಆಗ ಇತ್ತು, ಈಗ ಪೂರ್ತಿ ಮುಚ್ಚಿಕೊಂಡಿದೆ.

ನಾಟಿ ನಾಯಿ. ಮೈ ಕೆಂಪು ಮಣ್ಣಿನ ಬಣ್ಣ, ಎದೆ ಮೇಲೆ ಬಿಳಿ ಮಚ್ಚೆ, ಬಾಲ ಸುರುಳಿ. ಜನ ಬಂದರೆ ಮೇಲೆ ಹಾರುವುದಿಲ್ಲ, ಬೊಗಳುವುದೂ ಇಲ್ಲ. ಮೆಲ್ಲಗೆ ಬಂದು ನಿಮ್ಮ ಮೊಣಕಾಲಿಗೆ ಒರಗಿ ನಿಲ್ಲುತ್ತಾಳೆ. ನೀವು ಕೈ ಕೆಳಗೆ ಬಿಟ್ಟರೆ ತಲೆಯನ್ನು ಅಂಗೈ ಅಡಿಗೆ ತಾನೇ ತೂರಿಸುತ್ತಾಳೆ. ಬೇಸಿಗೆಯಲ್ಲಿ ನೀರಿನ ತೊಟ್ಟಿಯೊಳಗೆ ಮುಂದಿನ ಎರಡು ಕಾಲು ಇಟ್ಟು, ಹಿಂದಿನ ಕಾಲು ಹೊರಗೆ ಬಿಟ್ಟು, ಕಣ್ಣು ಅರ್ಧ ಮುಚ್ಚಿ ನಿಂತುಬಿಡುತ್ತಾಳೆ. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ, ಶೆಲ್ಟರ್‌ಗೆ ತಗಡಿನ ಶೀಟ್.

ಇಷ್ಟು ದಿನದಲ್ಲಿ ಅವಳನ್ನು ನೋಡಲು ಬಂದವರು ಮೂರೇ ಮೂರು ಜನ. ಒಬ್ಬರು "ಹೆಣ್ಣು ನಾಯಿ ಬೇಡಮ್ಮ, ಮರಿ ಹಾಕ್ತದೆ" ಅಂದರು. ಆಪರೇಷನ್ ಆಗಿದೆ, ಕಿವಿ ತುದಿ ಕತ್ತರಿಸಿರುವುದು ಅದರ ಗುರುತೇ ಅಂತ ತೋರಿಸಿದೆ. ಆದರೂ ಮನಸ್ಸು ಮಾಡಲಿಲ್ಲ. ಇನ್ನೊಬ್ಬರಿಗೆ ಮರಿಯೇ ಬೇಕಿತ್ತು. ಮೂರನೆಯವರು ಲ್ಯಾಬ್ರಡಾರ್ ಇದ್ದರೆ ಹೇಳಿ ಅಂತ ನಂಬರ್ ಕೊಟ್ಟು ಹೋದರು.

ಅವಳು ಶೆಲ್ಟರ್‌ನಲ್ಲೇ ಮುದುಕಿ ಆಗಬಾರದು. ಹಾಗಂತ ಯಾರಿಗಾದರೂ ಸರಿ, ಕೊಟ್ಟು ಕೈ ತೊಳೆದುಕೊಳ್ಳಲೂ ನನಗೆ ಇಷ್ಟವಿಲ್ಲ. ಒಮ್ಮೆ ಬಿಟ್ಟು ಹೋದವರನ್ನು ನೋಡಿದ್ದಾಳೆ. ಎಲ್ಲಿ ಹುಡುಕಲಿ, ಏನು ಕೇಳಲಿ, ನಿಮ್ಮ ಅನುಭವ ಹೇಳಿ.

ಕಾಲುವೆ ಕೊನೆ ರೈತ, ಸಿರುಗುಪ್ಪ ತಾಲೂಕು

ತಂಗಿ, ನನ್ನ ಭತ್ತದ ಗದ್ದೆಯಲ್ಲಿ ಮೋಟಾರ್ ಮನೆ ಇದೆ. ಅಲ್ಲಿಗೆ ಒಂದು ನಾಯಿ ಬೇಕಾಗಿತ್ತು. ಎರಡು ಹೊತ್ತು ಅನ್ನ, ರೊಟ್ಟಿ ಹಾಕುತ್ತೇನೆ, ಅದಕ್ಕೆ ಕೊರತೆ ಇಲ್ಲ. ಕೊಡುವುದಾದರೆ ಗಾಡಿ ತೆಗೆದುಕೊಂಡು ಬರುತ್ತೇನೆ.

ಭಾನುವಾರದವಳು, ಬಳ್ಳಾರಿ

ಅಣ್ಣಾ, ಮೊದಲು ಕೇಳಿದವರು ನೀವೇ, ತುಂಬಾ ಸಂತೋಷ. ತಪ್ಪು ತಿಳಿಯಬೇಡಿ, ಒಂದೆರಡು ಮಾತು ಕೇಳುತ್ತೇನೆ. ಹಗಲು ಅವಳನ್ನು ಕಟ್ಟಿಯೇ ಇಡುತ್ತೀರಾ? ರಾತ್ರಿ ಅಲ್ಲಿ ಯಾರಾದರೂ ಮಲಗುತ್ತಾರಾ? ಅವಳಿಗೆ ಮನುಷ್ಯರ ಹತ್ತಿರ ಇರುವುದೇ ಊಟಕ್ಕಿಂತ ಜಾಸ್ತಿ.

ಕಾಲುವೆ ಕೊನೆ ರೈತ, ಸಿರುಗುಪ್ಪ ತಾಲೂಕು

ಇದ್ದದ್ದನ್ನೇ ಹೇಳುತ್ತೇನೆ. ಹಗಲು ಕಟ್ಟಲೇಬೇಕು, ಕುರಿ ಹಿಂಡು ಆ ದಾರಿಯಲ್ಲೇ ಹೋಗುತ್ತದೆ. ನಾಯಿ ಒಂದು ಮರಿಗೆ ಬಾಯಿ ಹಾಕಿದರೂ ಊರಲ್ಲಿ ಜಗಳ. ರಾತ್ರಿ ಕರೆಂಟ್ ಬಂದಾಗ ಮಾತ್ರ ನಾನು ಅಲ್ಲಿಗೆ ಹೋಗುತ್ತೇನೆ.

ಗುಡ್ಡದ ಮಗ್ಗುಲು, ಸಂಡೂರು

ಅಣ್ಣ, ನಿಮ್ಮ ಕಡೆ ಬಯಲು, ನಮ್ಮ ಕಡೆ ಗುಡ್ಡ. ಆದರೂ ಹೊಲಕ್ಕೆ ನಾಯಿ ಕೇಳುವ ಎಲ್ಲರಿಗೂ ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಸಂಡೂರು ಗುಡ್ಡ, ದರೋಜಿ ಕರಡಿಧಾಮದ ಸುತ್ತಮುತ್ತ, ಕಂಪ್ಲಿ ಕಡೆ, ಹೊಳೆ ದಾಟಿದರೆ ಗಂಗಾವತಿ, ಆನೆಗೊಂದಿ, ಎಲ್ಲ ಕಡೆ ಚಿರತೆ ಇದೆ. ಚಿರತೆಗೆ ನಾಯಿ ಸುಲಭದ ಬೇಟೆ, ಅದರಲ್ಲೂ ಚೈನ್‌ಗೆ ಕಟ್ಟಿದ ನಾಯಿ. ಅದಕ್ಕೆ ಓಡಲೂ ಆಗುವುದಿಲ್ಲ, ಅಡಗಲೂ ಆಗುವುದಿಲ್ಲ. ನಮ್ಮ ಮಾವಿನ ತೋಟದಲ್ಲಿ ರಾಜು ಅಂತ ನಾಯಿ ಇತ್ತು. ಒಂದು ಬೆಳಿಗ್ಗೆ ಹೋದಾಗ ಗೂಟ ಹಾಗೇ ಇತ್ತು, ಚೈನ್ ಹಾಗೇ ಇತ್ತು, ಬೆಲ್ಟ್ ಕಿತ್ತು ಬಿದ್ದಿತ್ತು. ನೆಲದ ಮೇಲೆ ಎಳೆದ ಗುರುತು ಬೇಲಿ ತನಕ. ಆ ಬೆಲ್ಟ್ ಇನ್ನೂ ನಮ್ಮ ಮನೆ ಮೊಳೆಗೆ ನೇತಾಡುತ್ತಿದೆ, ಅವ್ವ ತೆಗೆಯಲು ಬಿಡುವುದಿಲ್ಲ.

ಹೊಲದಲ್ಲೇ ಮನೆ ಮಾಡಿಕೊಂಡಿರುವವರು, ರಾತ್ರಿ ನಾಯಿಯನ್ನು ಒಳಗೆ ಕರೆದುಕೊಳ್ಳುವವರು, ಅವರಿಗೆ ಕೊಡಿ. ಬರೀ ಮೋಟಾರ್ ಮನೆಗೆ ಬೇಡ.

ಕಾಲುವೆ ಕೊನೆ ರೈತ, ಸಿರುಗುಪ್ಪ ತಾಲೂಕು

ಓದಿ ಕರುಳು ಚುರ್ ಅಂತು. ಸರಿ ತಂಗಿ, ನನಗೆ ಈ ನಾಯಿ ಬೇಡ. ಕುರಿ ಕಾಯುವವರ ಹಿಂದೆ ಬರುವ ನಾಯಿಗಳನ್ನು ನೋಡಿದ್ದೇನೆ, ಹಿಂಡಿನ ಜೊತೆ ಹುಟ್ಟಿ ಹಿಂಡಿನ ಜೊತೆಗೇ ನಡೆಯುತ್ತವೆ. ಅವುಗಳ ರೀತಿ ಬೇರೆ. ನಿನ್ನ ಕೆಂಪಿ ಮನೆ ಜಗುಲಿಯಲ್ಲಿ ಇರುವಂಥವಳು. ಶೆಲ್ಟರ್‌ಗೆ ನುಚ್ಚಕ್ಕಿ ಬೇಕಾದರೆ ಹೇಳು, ಒಂದು ಚೀಲ ಕಳಿಸುತ್ತೇನೆ.

ಭಾನುವಾರದವಳು, ಬಳ್ಳಾರಿ

ಅಣ್ಣಾ, ನುಚ್ಚಕ್ಕಿ ಖಂಡಿತ ಬೇಕು. ನಿಮ್ಮ ಋಣ ಮರೆಯುವುದಿಲ್ಲ.

ದನದ ಡಾಕ್ಟರ್, ಬೀದರ್‌ನಲ್ಲಿ ಓದಿದವ, ಈಗ ಕೊಪ್ಪಳ

ಮೇಡಂ, ಮನೆ ಹುಡುಕುವ ಮುಂಚೆ ಒಂದು ಕೆಲಸ ಮುಗಿಸಿ. ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಉಣ್ಣಿ ಜಾಸ್ತಿ, ಶೆಲ್ಟರ್‌ನಲ್ಲಿ ಇನ್ನೂ ಜಾಸ್ತಿ. ಉಣ್ಣಿ ಜ್ವರ ಒಳಗೊಳಗೇ ಇರುತ್ತದೆ. ಮೇಲೆ ನೋಡಿದರೆ ನಾಯಿ ಚೆನ್ನಾಗಿಯೇ ಇರುತ್ತದೆ, ಹೊಸ ಮನೆಗೆ ಹೋದ ಮೇಲೆ ಊಟ ಬಿಡುತ್ತದೆ, ವಸಡು ಬಿಳಿಚುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ. ಆಗ ಮನೆಯವರು ಹೆದರಿ ವಾಪಸ್ ತರುತ್ತಾರೆ. ಮೊದಲೇ ಗೊತ್ತಾದರೆ ಡಾಕ್ಸಿಸೈಕ್ಲಿನ್ ಮಾತ್ರೆ ಸಾಮಾನ್ಯವಾಗಿ 28 ದಿನ ಕೊಡುತ್ತೇವೆ, ಬಹಳಷ್ಟು ನಾಯಿಗಳು ಸುಧಾರಿಸುತ್ತವೆ. ಮಧ್ಯದಲ್ಲಿ ಚೆನ್ನಾಗಾಯಿತು ಅಂತ ನಿಲ್ಲಿಸಬಾರದು.

ಉಣ್ಣಿಗೆ ಅಂತ ಸೀಮೆಎಣ್ಣೆ ಹಚ್ಚುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ರೇಬೀಸ್ ಇಂಜೆಕ್ಷನ್ ವರ್ಷಕ್ಕೊಂದು. ಅದರ ಜೊತೆ ಪಾರ್ವೊ, ಡಿಸ್ಟೆಂಪರ್ ಅನ್ನುವ ಕಾಯಿಲೆಗಳಿಗೆ ಒಂದೇ ಸೂಜಿಯಲ್ಲಿ ಬರುವ ಲಸಿಕೆ. ಎಲ್ಲವನ್ನೂ ತಾರೀಖು ಸಮೇತ ಕಾರ್ಡ್‌ನಲ್ಲಿ ಬರೆಸಿ, ಕಾರ್ಡನ್ನು ನಾಯಿ ಜೊತೆಗೇ ಕೊಡಿ. ಜನರ ಅರ್ಧ ಭಯ ಆ ಕಾರ್ಡ್ ನೋಡಿದರೆ ಹೋಗುತ್ತದೆ.

ಇನ್ನು ಹೆಣ್ಣು ನಾಯಿ ಬೇಡ ಅನ್ನುವವರಿಗೆ ಒಂದು ಮಾತು. ಆಪರೇಷನ್ ಆದ ಹೆಣ್ಣು ನಾಯಿ ಬೆದೆಗೆ ಬರುವುದಿಲ್ಲ. ಗೇಟಿನ ಮುಂದೆ ಗಂಡು ನಾಯಿಗಳ ಗುಂಪು ಸೇರುವುದಿಲ್ಲ. ಗರ್ಭಕೋಶಕ್ಕೆ ಕೀವು ತುಂಬುವ ಕಾಯಿಲೆಯ ಭಯವೂ ಇಲ್ಲ. ತೂಕ ಸ್ವಲ್ಪ ಏರಬಹುದು, ಊಟ ಅಳತೆಯಲ್ಲಿ ಕೊಟ್ಟು ದಿನಾ ನಡೆಸಿದರೆ ಸಾಕು. ಮೊದಲ ಸಲ ನಾಯಿ ಸಾಕುವವರು ನನ್ನನ್ನು ಕೇಳಿದರೆ ಮರಿಗಿಂತ ಇಂಥದ್ದೇ ತೆಗೆದುಕೊಳ್ಳಿ ಅನ್ನುತ್ತೇನೆ. ಮರಿ ದೊಡ್ಡದಾದ ಮೇಲೆ ಹೇಗೆ ಆಗುತ್ತದೋ ಯಾರಿಗೆ ಗೊತ್ತು? ಕೆಂಪಿ ಹೇಗೆ ಅಂತ ಕಣ್ಣೆದುರೇ ಕಾಣುತ್ತಿದೆ.

ಕನ್ನಡ ಮೇಷ್ಟ್ರು, ರಾಯಚೂರು

ನೀವು ಹಾಕಿರುವ ಫೋಟೊ ನೋಡಿದೆ ಮೇಡಂ. ಕಂಬಿ ಹಿಂದಿನಿಂದ ತೆಗೆದಿದ್ದೀರಿ. ನೋಡಿದವರಿಗೆ ನಾಯಿ ಕಾಣುವುದಿಲ್ಲ, ಕಂಬಿ ಕಾಣುತ್ತದೆ. ಹೊರಗೆ ಕರೆದುಕೊಂಡು ಬನ್ನಿ. ಬೆಳಿಗ್ಗೆ ಏಳರ ಬಿಸಿಲಿನಲ್ಲಿ, ನೀವು ನೆಲದ ಮೇಲೆ ಕೂತು, ಅವಳ ಕಣ್ಣಿನ ಎತ್ತರದಿಂದ ತೆಗೆಯಿರಿ. ಒಂದರಲ್ಲಿ ಪಕ್ಕದಲ್ಲಿ ಯಾರಾದರೂ ನಿಂತಿರಲಿ, ಎಷ್ಟು ಎತ್ತರ ಅಂತ ತಿಳಿಯುತ್ತದೆ. ಆ ಮೊಣಕಾಲಿಗೆ ಒರಗುವುದನ್ನು ವಿಡಿಯೋ ಮಾಡಿ.

ಇನ್ನೊಂದು ವಿಷಯ ಹೇಳಲೇಬೇಕು. ಮೂರು ವರ್ಷದ ಹಿಂದೆ ನಾನೂ ಒಂದು ನಾಯಿಗೆ ಮನೆ ಹುಡುಕಿದೆ. ಒಳ್ಳೆಯ ಮನೆ, ಒಳ್ಳೆಯ ಜನ. ದೀಪಾವಳಿಗೆ ನಾಲ್ಕು ದಿನ ಇದೆ ಅನ್ನುವಾಗ ಕೊಟ್ಟೆ. ಹಬ್ಬದ ರಾತ್ರಿ ಪಟಾಕಿ ಸದ್ದಿಗೆ ಅದು ಗೇಟಿನ ಕೆಳಗಿನ ಸಂದಿಯಲ್ಲಿ ನುಸುಳಿ ಓಡಿಹೋಯಿತು. ಆ ಸಂದಿಯಲ್ಲಿ ನಾಯಿ ತೂರುತ್ತದೆ ಅಂತ ನಾವ್ಯಾರೂ ಅಂದುಕೊಂಡಿರಲಿಲ್ಲ. ಹೊಸ ಜಾಗ, ದಾರಿ ಗೊತ್ತಿಲ್ಲ, ಹೆಸರಿಟ್ಟು ಕರೆದರೆ ಬರುವಷ್ಟು ಸಲಿಗೆಯೂ ಆಗಿರಲಿಲ್ಲ. ಹನ್ನೊಂದು ದಿನ ಹುಡುಕಿದೆವು. ಸಿಗಲಿಲ್ಲ. ಈಗಲೂ ಸ್ಟೇಷನ್ ರಸ್ತೆಯಲ್ಲಿ ಕಪ್ಪು ನಾಯಿ ಕಂಡರೆ ಬೈಕ್ ನಿಲ್ಲಿಸುತ್ತೇನೆ.

ಅದಕ್ಕೇ ಹೇಳುವುದು, ಹಬ್ಬದ ಮುಂಚೆ, ಮನೆಯಲ್ಲಿ ಮದುವೆ ಇದ್ದಾಗ, ಮನೆ ಬದಲಿಸುವ ಹೊತ್ತಿನಲ್ಲಿ ಕೊಡಲೇಬೇಡಿ. ಮೊದಲ ತಿಂಗಳು ಕುತ್ತಿಗೆಗೊಂದು ಬೆಲ್ಟ್, ಎದೆಗೊಂದು ಬೆಲ್ಟ್, ಎರಡೂ ಇರಲಿ. ಬೆಲ್ಟ್ ಮೇಲೆ ಫೋನ್ ನಂಬರ್ ಬರೆಸಿ. ಗೇಟನ್ನು ನೀವೇ ಹೋಗಿ ಬಗ್ಗಿ ನೋಡಿ ಬನ್ನಿ.

ಭಾನುವಾರದವಳು, ಬಳ್ಳಾರಿ

ಸರ್, ನಿಮ್ಮ ಕಪ್ಪು ನಾಯಿ ಎಲ್ಲೋ ಯಾರದೋ ಅಂಗಳದಲ್ಲಿ ಇದ್ದಿರಲಿ ಅಂತ ನನ್ನ ಪ್ರಾರ್ಥನೆ. ಗೇಟ್ ನೋಡಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಈ ಭಾನುವಾರ ಹೊಸ ಫೋಟೊ ತೆಗೆಯುತ್ತೇನೆ. ಡಾಕ್ಟ್ರೇ, ರಕ್ತ ಪರೀಕ್ಷೆಗೆ ನಾಳೆಯೇ ಕರೆದುಕೊಂಡು ಹೋಗುತ್ತೇನೆ.

ಮೊದಲನೇ ಮಹಡಿ, ಬಳ್ಳಾರಿ

ಅಕ್ಕಾ, ನನಗೆ ಕೆಂಪಿ ತುಂಬಾ ಇಷ್ಟವಾದಳು. ಆದರೆ ಬಾಡಿಗೆ ಮನೆ. ಓನರ್ ಆಂಟಿ "ನೋಡೋಣ" ಅಂದಿದ್ದಾರೆ. ನಾನು ಜೀನ್ಸ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಎಂಟು. ಆಗುತ್ತದಾ?

ಭಾನುವಾರದವಳು, ಬಳ್ಳಾರಿ

ಪುಟ್ಟಾ, ನಿನ್ನ ಪ್ರೀತಿ ಅರ್ಥವಾಗುತ್ತದೆ. "ನೋಡೋಣ" ಅಂದರೆ ಒಪ್ಪಿಗೆ ಅಲ್ಲ ಅಲ್ವಾ? ಕೆಂಪಿ ಮೊದಲ ಮನೆ ಕಳೆದುಕೊಂಡಿದ್ದೂ ಬಾಡಿಗೆ ಮನೆ ಬದಲಾದಾಗಲೇ. ಮೇಲಾಗಿ ದಿನಕ್ಕೆ ಹನ್ನೊಂದು ಗಂಟೆ ಒಂಟಿಯಾಗಿ, ಬೇಸಿಗೆಯಲ್ಲಿ ಮೊದಲನೇ ಮಹಡಿಯ ಕಾದ ತಾರಸಿ ಕೆಳಗೆ ಅವಳಿಗೆ ಕಷ್ಟ. ಬೇಜಾರು ಮಾಡಿಕೊಳ್ಳಬೇಡ. ಭಾನುವಾರ ನನ್ನ ಜೊತೆ ಬಾ, ಅವಳನ್ನು ವಾಕಿಂಗ್ ಕರೆದುಕೊಂಡು ಹೋಗುವವರು ಬೇಕು.

ಮೊದಲನೇ ಮಹಡಿ, ಬಳ್ಳಾರಿ

ಬರುತ್ತೇನೆ ಅಕ್ಕಾ. ಸ್ವಲ್ಪ ಅಳು ಬಂತು, ಆದರೆ ನೀವು ಹೇಳಿದ್ದು ಸರಿ.

ಎರಡು ಮಕ್ಕಳ ತಾಯಿ, ಸಿಂಧನೂರು

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ಸಿಟ್ಟಾಗಬೇಡಿ. ಹೋದ ವರ್ಷ ನನ್ನ ಮಗನಿಗೆ ಟ್ಯೂಷನ್‌ನಿಂದ ಬರುವಾಗ ಬೀದಿ ನಾಯಿ ಕಚ್ಚಿತು. ಎಂಟು ವರ್ಷದ ಹುಡುಗ. ಇವತ್ತಿಗೂ ಆ ಓಣಿಯಲ್ಲಿ ಒಬ್ಬನೇ ಹೋಗುವುದಿಲ್ಲ. ನೀವೆಲ್ಲ ನಾಯಿಗೆ ಮನೆ ಹುಡುಕುತ್ತೀರಿ, ನಮ್ಮ ಮಕ್ಕಳ ಭಯ ಯಾರು ಕೇಳುತ್ತಾರೆ? ಸುಪ್ರೀಂ ಕೋರ್ಟೇ ಎಲ್ಲ ನಾಯಿಗಳನ್ನೂ ಹಿಡಿದು ಶೆಲ್ಟರ್‌ಗೆ ಹಾಕಿ ಅಂದಿದೆಯಂತಲ್ಲ?

ದನದ ಡಾಕ್ಟರ್, ಕೊಪ್ಪಳ

ಅಕ್ಕಾ, ನಿಮ್ಮ ಭಯ ಸರಿಯಾದದ್ದೇ. ಮಗನಿಗೆ ಎಲ್ಲ ಡೋಸ್ ಪೂರ್ತಿ ಹಾಕಿಸಿದ್ದೀರಿ ಅಂದುಕೊಳ್ಳುತ್ತೇನೆ. ಓದುತ್ತಿರುವ ಎಲ್ಲರಿಗೂ ಹೇಳುತ್ತೇನೆ. ನಾಯಿ ಕಚ್ಚಿದರೆ, ಪರಚಿದರೂ ಸರಿ, ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕು, ನೀವೇ ಬಾಯಿಬಿಟ್ಟು ಕೇಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವುದು ಆಗದ ಮಾತು. ಲಕ್ಷಣ ಬರುವ ಮುಂಚೆ ತಡೆಯಬಹುದು.

ಕೋರ್ಟ್ ವಿಷಯ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿಗೆ ಅಂಥ ಆದೇಶ ಬಂದಿತ್ತು. ಆಗಸ್ಟ್ 22ಕ್ಕೆ ಅದನ್ನು ಬದಲಿಸಿದರು. ಆಪರೇಷನ್, ಲಸಿಕೆ ಮಾಡಿಸಿ ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವ ಅಥವಾ ಮೈಮೇಲೆ ಬೀಳುವ ನಾಯಿಗಳನ್ನು ಬಿಡಬಾರದು ಅಂತ. ಆಮೇಲೆ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡಬೇಡಿ, ಶೆಲ್ಟರ್‌ನಲ್ಲಿ ಇಡಿ ಅಂದರು. ಇದರಿಂದ ಶೆಲ್ಟರ್‌ನಲ್ಲಿ ಜಾಗ ಇನ್ನೂ ಕಮ್ಮಿ ಆಗುತ್ತದೆ. ಕೆಂಪಿಯಂಥ ಸಾಧು ನಾಯಿ ಒಂದು ಮನೆಗೆ ಹೋದರೆ ಆ ಗೂಡು ಓಣಿಯಿಂದ ತರಬೇಕಾದ ಇನ್ನೊಂದು ನಾಯಿಗೆ ಸಿಗುತ್ತದೆ. ನಿಮ್ಮ ಮಗನ ಓಣಿಗೂ ಇದಕ್ಕೂ ಸಂಬಂಧ ಇದೆ ಅಕ್ಕಾ.

ಎರಡು ಮಕ್ಕಳ ತಾಯಿ, ಸಿಂಧನೂರು

ಡೋಸ್ ಎಲ್ಲ ಆಗಿದೆ ಡಾಕ್ಟ್ರೇ. ಈ ರೀತಿ ನಾನು ಯೋಚನೆ ಮಾಡಿರಲಿಲ್ಲ. ನಾಯಿ ಸಾಕಲು ನನ್ನಿಂದ ಆಗುವುದಿಲ್ಲ, ಆದರೆ ಕೆಂಪಿಗೆ ಒಳ್ಳೆಯದಾಗಲಿ.

ಹಡಗಲಿಯ ಮೊಮ್ಮಗ, ಈಗ ಹೊಸಪೇಟೆ

ನಮ್ಮ ಮನೆಯಲ್ಲಿ ಅಜ್ಜಿಯದೇ ತಕರಾರು. ದೇವರ ಮನೆ ಇರುವಲ್ಲಿ ನಾಯಿ ಬರಬಾರದು ಅಂತ. ಹಾಗೆ ಹೇಳುವ ಹಿರಿಯರು ಬೇರೆ ಮನೆಗಳಲ್ಲೂ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಮೈಲಾರಲಿಂಗನ ಒಕ್ಕಲು. ಮೈಲಾರ ಜಾತ್ರೆಯಲ್ಲಿ ಗೊರವಯ್ಯನವರು, ಅಂದರೆ ಆ ದೇವರ ದೀಕ್ಷೆ ಪಡೆದ ಭಕ್ತರು, ನಾಯಿಯ ಹಾಗೆ ಬೊಗಳುತ್ತಾ, ದೋಣಿ ಅನ್ನುವ ಪಾತ್ರೆಯಲ್ಲಿ ಹಾಕಿದ ಹಾಲು ಬಾಳೆಹಣ್ಣನ್ನು ಬಾಯಿಂದಲೇ ತಿನ್ನುವುದನ್ನು ಅಜ್ಜಿ ಕೈಮುಗಿದು ನೋಡುತ್ತಾಳೆ. "ಅಜ್ಜಿ, ಗೊರವಯ್ಯ ಮೈಲಾರನ ನಾಯಿ ಆಗಬಹುದು, ಮೈಲಾರನ ನಾಯಿ ನಮ್ಮ ಮನೆಗೆ ಬರಬಾರದಾ?" ಅಂತ ಕೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ "ಅಡಿಗೆ ಮನಿ, ದೇವರ ಮನಿ ಬಿಟ್ಟು ಎಲ್ಲಿ ಬೇಕಾದರೂ ಇರಲಿ" ಅಂದಳು. ಈಗ ನಮ್ಮ ನಾಯಿಗೆ ರೊಟ್ಟಿ ಚೂರು ಮಾಡಿ ಮಜ್ಜಿಗೆಯಲ್ಲಿ ನೆನೆಸಿ ಹಾಕುವುದು ಅಜ್ಜಿಯೇ. ಹಿರಿಯರ ಜೊತೆ ಜಗಳ ಮಾಡಬೇಡಿ, ಅವರ ಗಡಿಯನ್ನು ಒಪ್ಪಿಕೊಳ್ಳಿ.

ನಿವೃತ್ತ ನರ್ಸ್, ಗಾಂಧಿನಗರ, ಬಳ್ಳಾರಿ

ಮಗಳೇ, ನಾಲ್ಕು ದಿನದಿಂದ ಎಲ್ಲರ ಮಾತು ಓದುತ್ತಿದ್ದೇನೆ. ನನಗೆ 63, ನಮ್ಮ ಯಜಮಾನರಿಗೆ 68. ಸ್ವಂತ ಮನೆ, ನೆಲಮಹಡಿ. ಹಿತ್ತಲಲ್ಲಿ ಒಂದು ಬೇವಿನ ಮರ ಇದೆ. ಇಡೀ ದಿನ ಮನೆಯಲ್ಲೇ ಇರುತ್ತೇವೆ. ಮಗ ಬೆಂಗಳೂರಲ್ಲಿ.

ಮೂರು ಅನುಮಾನ ಇದೆ. ನನಗೆ ಮಂಡಿ ನೋವು, ಅವಳು ಎಳೆದರೆ ಬೀಳುತ್ತೇನಾ? ವರ್ಷಕ್ಕೆ ಎರಡು ಸಲ ಮಗನ ಮನೆಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮೂರನೆಯದು ಕೇಳಲು ಕಷ್ಟ, ಆದರೂ ಕೇಳುತ್ತೇನೆ. ಅವಳಿಗೆ ಇನ್ನೂ ಎಂಟು ಹತ್ತು ವರ್ಷ ಆಯಸ್ಸು ಇರುತ್ತದೆ. ಅಷ್ಟರಲ್ಲಿ ನಮಗೇ ಏನಾದರೂ ಆದರೆ?

ಭಾನುವಾರದವಳು, ಬಳ್ಳಾರಿ

ಅಮ್ಮಾ, ನಾನು ಕೇಳಬೇಕು ಅಂದುಕೊಂಡಿದ್ದನ್ನೆಲ್ಲ ನೀವೇ ಕೇಳಿದ್ದೀರಿ.

ಅವಳು ಎಳೆಯುವುದಿಲ್ಲ, ಆದರೆ ನನ್ನ ಮಾತು ನಂಬಬೇಡಿ, ನೀವೇ ಬಂದು ಹಗ್ಗ ಹಿಡಿದು ನಡೆದು ನೋಡಿ. ಒಂದು ಸಲ ಅಲ್ಲ, ಮೂರು ಸಲ ಬನ್ನಿ, ಒಮ್ಮೆ ಯಜಮಾನರೂ ಬರಲಿ. ಊರಿಗೆ ಹೋದಾಗ ನಾನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಮೂರನೆಯದಕ್ಕೆ ಬರೆದು ಕೊಡುತ್ತೇನೆ. ಯಾವತ್ತೇ ಆಗಲಿ, ಯಾವ ಕಾರಣಕ್ಕೇ ಆಗಲಿ, ಅವಳು ವಾಪಸ್ ಬರುವುದು ನನ್ನ ಹತ್ತಿರಕ್ಕೇ. ಇದನ್ನು ನಿಮ್ಮ ಮಗನಿಗೂ ಈಗಲೇ ಹೇಳಿಡಿ.

ನಿವೃತ್ತ ನರ್ಸ್, ಗಾಂಧಿನಗರ, ಬಳ್ಳಾರಿ

ಭಾನುವಾರ ಬರುತ್ತೇವೆ. ಯಜಮಾನರು ಈಗಲೇ ಗೇಟಿನ ಕೆಳಗೆ ಹಲಗೆ ಹೊಡೆಸುತ್ತಿದ್ದಾರೆ, ಮೇಷ್ಟ್ರು ಬರೆದದ್ದನ್ನು ಅವರಿಗೆ ಓದಿ ಹೇಳಿದೆ.

ಭಾನುವಾರದವಳು, ಬಳ್ಳಾರಿ (ಮೂರು ವಾರದ ನಂತರ)

ಮೂರು ಭಾನುವಾರವೂ ಇಬ್ಬರೂ ಬಂದರು. ಮೊದಲ ದಿನ ಅಮ್ಮ ಪ್ಲಾಸ್ಟಿಕ್ ಕುರ್ಚಿ ಮೇಲೆ ಸುಮ್ನೆ ಕೂತಿದ್ದರು, ಕರೆಯಲೂ ಇಲ್ಲ. ಕೆಂಪಿ ದೂರದಿಂದ ನೋಡಿದಳು, ಆಮೇಲೆ ಬಂದು ನೋವಿರುವ ಮಂಡಿಗೇ ಒರಗಿದಳು. ಅಮ್ಮ "ಇರಲಿ ಬಿಡು, ಬೆಚ್ಚಗಿದೆ" ಅಂದರು. ರಕ್ತ ಪರೀಕ್ಷೆಯಲ್ಲಿ ಉಣ್ಣಿ ಜ್ವರ ಸ್ವಲ್ಪ ಇದೆ ಅಂತ ಬಂತು, ಡಾಕ್ಟ್ರು ಹೇಳದಿದ್ದರೆ ತಿಳಿಯುತ್ತಲೇ ಇರಲಿಲ್ಲ. ಮಾತ್ರೆ ಶುರುವಾಗಿದೆ. ಉಳಿದದ್ದನ್ನು ನಾನೇ ಮುಗಿಸುತ್ತೇನೆ, ಮಾತ್ರೆ ಕೊಡುವುದು ನನ್ನ ಕಸುಬು ಅಂದರು ಅಮ್ಮ. ನಿನ್ನೆ ಸಂಜೆ, ಬಿಸಿಲು ಇಳಿದ ಮೇಲೆ, ಕೆಂಪಿ ಗಾಂಧಿನಗರಕ್ಕೆ ಹೋದಳು.

ನಿವೃತ್ತ ನರ್ಸ್, ಗಾಂಧಿನಗರ, ಬಳ್ಳಾರಿ

ಮೂರನೇ ದಿನ. ಮಂಚದ ಕೆಳಗಿಂದ ಹೊರಗೇ ಬರುತ್ತಿಲ್ಲ. ಮೊಸರನ್ನ ಮುಟ್ಟಿಲ್ಲ. ಮಾತ್ರೆಯನ್ನು ಬೇಯಿಸಿದ ಮೊಟ್ಟೆಯಲ್ಲಿ ಇಟ್ಟು ಕೊಟ್ಟೆ, ಅದೊಂದನ್ನೇ ತಿಂದಳು. ನಮ್ಮ ಮನೆ ಅವಳಿಗೆ ಸೇರಲಿಲ್ಲವೇನೋ.

ದನದ ಡಾಕ್ಟರ್, ಕೊಪ್ಪಳ

ಅಮ್ಮಾ, ಸಾಕುವವರು 3 ದಿನ, 3 ವಾರ, 3 ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ಹೆದರಿಕೆ. ಮೂರು ವಾರಕ್ಕೆ ಮನೆಯ ಹೊತ್ತು ಗೊತ್ತು ತಿಳಿಯುತ್ತದೆ. ಮೂರು ತಿಂಗಳಿಗೆ ಇದು ನನ್ನ ಮನೆ ಅನಿಸುತ್ತದೆ. ಎಳೆದು ಹೊರಗೆ ತರಬೇಡಿ, ನೆಂಟರನ್ನು ಕರೆದು ತೋರಿಸಬೇಡಿ. ಮಂಚದ ಹತ್ತಿರ ನೀರು ಇಡಿ. ನೀರು ಕುಡಿಯುತ್ತಿದ್ದಾಳಾ, ವಸಡು ಗುಲಾಬಿ ಬಣ್ಣ ಇದೆಯಾ ನೋಡಿ. ನಾಳೆಯೂ ಊಟ ಮಾಡದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಿವೃತ್ತ ನರ್ಸ್, ಗಾಂಧಿನಗರ, ಬಳ್ಳಾರಿ

ನೀರು ಕುಡಿಯುತ್ತಿದ್ದಾಳೆ, ವಸಡು ಚೆನ್ನಾಗಿದೆ. ರಾತ್ರಿ ನಾವು ದೀಪ ಆರಿಸಿದ ಮೇಲೆ ತಟ್ಟೆ ನೆಕ್ಕುವ ಸದ್ದು ಕೇಳಿಸಿತು. ಇಬ್ಬರೂ ಉಸಿರು ಬಿಗಿಹಿಡಿದು ಮಲಗಿದ್ದೆವು.

ನಿವೃತ್ತ ನರ್ಸ್, ಗಾಂಧಿನಗರ, ಬಳ್ಳಾರಿ (ಹದಿನೆಂಟನೇ ದಿನ)

ಮಗಳೇ, ಫೋಟೊ ತೆಗೆಯಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯಜಮಾನರು ಮಧ್ಯಾಹ್ನ ಬೇವಿನ ಮರದ ಕೆಳಗೆ ಬಟ್ಟೆ ನೆನೆಸಲು ದೊಡ್ಡ ಟಬ್‌ನಲ್ಲಿ ನೀರು ತುಂಬಿಸಿ ಒಳಗೆ ಬಂದರು. ಸೋಪಿನ ಪುಡಿ ಇನ್ನೂ ಹಾಕಿರಲಿಲ್ಲ. ವಾಪಸ್ ಹೋಗುವಷ್ಟರಲ್ಲಿ ಕೆಂಪಿ ಮುಂದಿನ ಎರಡು ಕಾಲು ಅದರೊಳಗೆ ಇಟ್ಟು, ಕಣ್ಣು ಅರ್ಧ ಮುಚ್ಚಿ ನಿಂತಿದ್ದಾಳೆ. ಬಟ್ಟೆಗೆ ಈಗ ಬೇರೆ ಟಬ್ ತಂದಿದ್ದೇವೆ.